ಕೈ ತಾನಾಗಿ ಕವಳದ ತಟ್ಟೆಗೆ ಹೋಗುವುದು ಯಾಕೆ?

ಕಳೆದ ವರ್ಷ ಮಳೆ ಬಿಡುವ ಹೊತ್ತಿಗೆ ನಮ್ಮೂರಿನ ಸಮುದಾಯ ಭವನದಲ್ಲಿ ಹಲ್ಲಿನ ತಪಾಸಣೆ ಶಿಬಿರ ನಡೆಯಿತು. ತೀರ್ಥಹಳ್ಳಿ ಕಡೆಯ ಸಣ್ಣ ಊರು ನಮ್ಮದು. ಡಾಕ್ಟರಮ್ಮ ಸಾಲಿನಲ್ಲಿ ಬಂದವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದರು. "ಮೂರು ಬೆರಳು ಜೋಡಿಸಿ, ಉದ್ದಕ್ಕೆ ನಿಲ್ಲಿಸಿ ಬಾಯೊಳಗೆ ಹಾಕಿ ನೋಡಿ." ತೋರುಬೆರಳು, ನಡುಬೆರಳು, ಉಂಗುರಬೆರಳು. ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ನಡುವೆ ಮೂರೂ ಹಿಡಿಸಬೇಕು. ಹೆಚ್ಚಿನವರಿಗೆ ಹಿಡಿಸಿತು. ನಾಲ್ಕು ಜನರಿಗೆ ಎರಡೇ ಹೋಯಿತು. ಅವರಲ್ಲಿ ಒಬ್ಬನಿಗೆ ಇನ್ನೂ ಮೂವತ್ತು ದಾಟಿರಲಿಲ್ಲ.

ಕವಳ ಅಂದರೆ ನಮ್ಮ ಕಡೆ ಎಲೆ, ಅಡಿಕೆ, ಸುಣ್ಣ, ಜೊತೆಗೆ ಹೊಗೆಸೊಪ್ಪು (ತಂಬಾಕು) ಸೇರಿಸಿ ಜಗಿಯುವುದು. ಅವತ್ತು ಸಂಜೆ ಊರಿನಲ್ಲಿ ಅದನ್ನು ಬಿಟ್ಟವರು ಹದಿನಾಲ್ಕು ಜನ. ಹದಿನೈದು ದಿನ ಕಳೆದು ಎಣಿಸಿದರೆ ಮೂವರು. ಆ ಮೂವರಲ್ಲಿ ನಾನು ಇರಲಿಲ್ಲ.

ಸೋತವರ ಬಗ್ಗೆ ಊರಿನಲ್ಲಿ ಒಂದು ಸಿದ್ಧ ಮಾತಿದೆ: "ಮನಸ್ಸು ಗಟ್ಟಿ ಇಲ್ಲ ಮಾರಾಯ." ನಾನೂ ಹಾಗೇ ಅಂದುಕೊಂಡಿದ್ದೆ. ಆಮೇಲೆ ಹುಡುಕಿ ಓದಿದೆ, ಗೊತ್ತಿದ್ದ ಡಾಕ್ಟರ ಹತ್ತಿರ ಕೇಳಿದೆ. ಗಟ್ಟಿ ಮನಸ್ಸಿಗೆ ಇದರಲ್ಲಿ ನಾವು ಅಂದುಕೊಂಡಷ್ಟು ದೊಡ್ಡ ಪಾಲಿಲ್ಲ. ಅಭ್ಯಾಸ ಅನ್ನುವುದು ಎಲ್ಲಿ ಕೂತಿರುತ್ತದೆ, ಹೇಗೆ ಏಳುತ್ತದೆ, ಅದನ್ನು ಬಿಟ್ಟವರು ಏನು ಮಾಡಿ ಬಿಟ್ಟರು ಅನ್ನುವುದನ್ನು ಬುಡದಿಂದ ನೋಡೋಣ. ನಾನು ಕವಳದ ಉದಾಹರಣೆ ಹಿಡಿದಿದ್ದೇನೆ. ಆ ಜಾಗದಲ್ಲಿ ನೀವು ಮೊಬೈಲು, ಬೀಡಿ, ರಾತ್ರಿ ಹನ್ನೊಂದರ ಕುರುಕಲು ತಿಂಡಿ, ಯಾವುದನ್ನಾದರೂ ಇಟ್ಟುಕೊಳ್ಳಬಹುದು.

ಅಭ್ಯಾಸ ಬೇರೆ, ಚಟ ಬೇರೆ

ಈ ಎರಡು ಮಾತನ್ನು ನಾವು ಒಂದರ ಬದಲು ಇನ್ನೊಂದು ಬಳಸುತ್ತೇವೆ. ಇಲ್ಲಿ ಸ್ವಲ್ಪ ಬಿಡಿಸಿ ಇಟ್ಟುಕೊಳ್ಳುವುದು ಒಳ್ಳೆಯದು.

ಒಂದೇ ಕೆಲಸವನ್ನು ಒಂದೇ ಜಾಗದಲ್ಲಿ, ಒಂದೇ ಹೊತ್ತಿನಲ್ಲಿ ಮತ್ತೆ ಮತ್ತೆ ಮಾಡಿ, ಕೊನೆಗೆ ಯೋಚನೆಯೇ ಇಲ್ಲದೆ ಅದು ಆಗಿಬಿಟ್ಟರೆ ಅಭ್ಯಾಸ. ಚಪ್ಪಲಿ ಕಳಚಿ ಒಳಗೆ ಬರುತ್ತೀರಿ. ಎಡಗಾಲಿನದು ಮೊದಲೋ ಬಲಗಾಲಿನದು ಮೊದಲೋ ಅಂತ ಕೇಳಿದರೆ ನೆನಪಿರುವುದಿಲ್ಲ, ಅಲ್ವಾ? ಬಿಟ್ಟರೆ ಮೈ ತಕರಾರು ತೆಗೆಯುವಂಥದ್ದು ಚಟ. ತಲೆ ನೋವು, ಸಿಡಿಮಿಡಿ, ನಿದ್ದೆ ಬಾರದಿರುವುದು ಎಲ್ಲ ಅದರ ಲೆಕ್ಕಕ್ಕೆ.

ಕವಳದಲ್ಲಿ ಎರಡೂ ಸೇರಿಕೊಂಡಿವೆ. ಹೊಗೆಸೊಪ್ಪಿನಲ್ಲಿ ನಿಕೋಟಿನ್ ಇದೆ. ಅಡಿಕೆಯಲ್ಲಿ ಅರೆಕೋಲಿನ್ ಅನ್ನುವ ಪದಾರ್ಥ ಇದೆ. ಅದೂ ನರಗಳ ಮೇಲೆ ಕೆಲಸ ಮಾಡುತ್ತದೆ. ಕವಳ ಹಾಕಿದ ಮೇಲೆ ಮೈ ಬೆಚ್ಚಗಾಗಿ, ಹಣೆಯಲ್ಲಿ ಸಣ್ಣಗೆ ಬೆವರು ಬಂದು, ಒಂದು ಥರ ಚುರುಕು ಬರುತ್ತದಲ್ಲ, ಅದು ಇದರಿಂದಲೇ. ಇನ್ನು ಸುಣ್ಣ. ಅದು ಬರೀ ಕೆಂಪು ಬಣ್ಣಕ್ಕೆ ಅಲ್ಲ. ಸುಣ್ಣ ಸೇರಿದಾಗ ಬಾಯಿ ಕ್ಷಾರವಾಗುತ್ತದೆ, ಆಗ ನಿಕೋಟಿನ್ ಕೆನ್ನೆಯ ಒಳಪದರದಿಂದ ಬೇಗ ರಕ್ತಕ್ಕೆ ಇಳಿಯುತ್ತದೆ. ನಮ್ಮ ಅಜ್ಜಂದಿರು ಕೆಮಿಸ್ಟ್ರಿ ಓದಿರಲಿಲ್ಲ, ಆದರೆ ಎಷ್ಟು ಸುಣ್ಣಕ್ಕೆ ಎಷ್ಟು 'ಏರುತ್ತದೆ' ಅಂತ ಅವರ ಬೆರಳ ತುದಿಗೆ ಗೊತ್ತಿತ್ತು.

ಆರೋಗ್ಯದ ಮಾತನ್ನು ಇಲ್ಲೇ ಹೇಳಿ ಮುಂದೆ ಹೋಗುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅಡಿಕೆಯನ್ನು ಕ್ಯಾನ್ಸರ್ ತರುವುದು ಖಚಿತ ಅನ್ನುವ ಮೊದಲ ಗುಂಪಿಗೆ ಸೇರಿಸಿತು. ಹೊಗೆಸೊಪ್ಪು ಇಲ್ಲದ ಕವಳವೂ ಆ ಗುಂಪಿನಲ್ಲೇ ಇದೆ. ಜಗತ್ತಿನಲ್ಲಿ 2022ರಲ್ಲಿ ಕಂಡುಬಂದ ಬಾಯಿ ಕ್ಯಾನ್ಸರ್‌ಗಳಲ್ಲಿ ಸುಮಾರು ಮೂರನೇ ಒಂದು ಪಾಲಿಗೆ ಜಗಿಯುವ ತಂಬಾಕು ಅಥವಾ ಅಡಿಕೆ ಕಾರಣ ಅಂತ ಅದೇ ಸಂಸ್ಥೆಯ ತಜ್ಞರು ಲೆಕ್ಕ ಹಾಕಿದ್ದಾರೆ. ಬಾಯಿ ಕಿರಿದಾಗುವ ತೊಂದರೆಯಲ್ಲಿ ಕೆನ್ನೆಯ ಒಳಗೆ ನಾರು ಬೆಳೆದು, ಚರ್ಮ ಬಿಗಿದು, ಬಾಯಿ ತೆರೆಯಲು ಆಗದಂತಾಗುತ್ತದೆ. ಮೂರು ಬೆರಳಿನ ಪರೀಕ್ಷೆ ಅದಕ್ಕೇ. ಒಮ್ಮೆ ಬಂದ ನಾರು ಪೂರ್ತಿ ಹಿಂದೆ ಹೋಗುವುದು ಕಷ್ಟ. ಹಾಗಾಗಿ ಜಗಿಯುವುದನ್ನು ನಿಲ್ಲಿಸುವುದೇ ಮೊದಲ ಚಿಕಿತ್ಸೆ.

ಅಡಿಕೆ ಬೆಳೆ, ಬೆಲೆ, ತೋಟ ಈ ಲೇಖನದ ವಿಷಯ ಅಲ್ಲ. ಬರೆಯುತ್ತಿರುವವನ ಮನೆಯ ಅನ್ನವೂ ಅದರಿಂದಲೇ ಬರುತ್ತದೆ.

ಆಗುಂಬೆ ಘಾಟಿಯ ಹದಿನಾಲ್ಕು ತಿರುವು

ಆಗುಂಬೆ ಘಾಟಿಯಲ್ಲಿ 14 ದೊಡ್ಡ ತಿರುವುಗಳಿವೆ. ಮೊದಲ ಸಲ ಕಾರು ಇಳಿಸುವವನನ್ನು ನೋಡಿ. ರೇಡಿಯೋ ಬಂದ್. ಪಕ್ಕದಲ್ಲಿ ಕೂತವರು ಮಾತಾಡಿದರೆ ಸಿಟ್ಟು. ಒಂದೊಂದು ತಿರುವನ್ನೂ ಎಣಿಸುತ್ತಾನೆ. ಅದೇ ದಾರಿಯಲ್ಲಿ ಇಪ್ಪತ್ತು ವರ್ಷ ಬಸ್ಸು ಓಡಿಸಿದ ಡ್ರೈವರು ಕಂಡಕ್ಟರ ಜೊತೆ ಮಗಳ ಮದುವೆಯ ಖರ್ಚು ಮಾತಾಡುತ್ತಲೇ ಇಳಿದುಬಿಡುತ್ತಾನೆ. ಅವನಿಗೆ ಅದು ಹದಿನಾಲ್ಕು ತಿರುವಲ್ಲ, ಒಂದೇ ಘಾಟಿ.

ಮೆದುಳಿನಲ್ಲಿ ಆಗುವುದೂ ಇದೇ. ಹೊಸ ಕೆಲಸ ಮಾಡುವಾಗ ಮೆದುಳಿನ ಮುಂಭಾಗ, ಅಂದರೆ ಯೋಚನೆ ಮಾಡುವ ಭಾಗ, ಪ್ರತಿ ಹೆಜ್ಜೆಯಲ್ಲೂ ಎಚ್ಚರ ಇರುತ್ತದೆ. ಅದು ಖರ್ಚಿನ ಕೆಲಸ. ಹಾಗಾಗಿ ಒಂದೇ ಕೆಲಸ ನೂರಾರು ಸಲ ಬಂದರೆ ಮೆದುಳು ಅದನ್ನು ಒಂದು ಗಂಟು ಕಟ್ಟಿ ಒಳಗಿನ ಭಾಗಕ್ಕೆ ದಾಟಿಸುತ್ತದೆ. ಆ ಒಳಭಾಗದ ಹೆಸರು ಬೇಸಲ್ ಗ್ಯಾಂಗ್ಲಿಯಾ. ಆಮೇಲೆ ಗಂಟಿನ ತುದಿ ಎಳೆದರೆ ಸಾಕು, ಉಳಿದದ್ದು ತಾನಾಗಿ ಬಿಚ್ಚಿಕೊಳ್ಳುತ್ತದೆ.

ಅಮೆರಿಕದ ಎಂಐಟಿಯಲ್ಲಿ ಆನ್ ಗ್ರೇಬಿಯೆಲ್ ಅನ್ನುವ ವಿಜ್ಞಾನಿ ಮತ್ತು ಅವರ ತಂಡ ಇದನ್ನು ಇಲಿಗಳಲ್ಲಿ ನೋಡಿದರು. ಕವಲು ದಾರಿಯ ಒಂದು ಪೆಟ್ಟಿಗೆ. ಬಾಗಿಲು ತೆರೆದರೆ ಇಲಿ ಓಡಬೇಕು, ಸರಿಯಾದ ಕಡೆ ತಿರುಗಿದರೆ ತಿನ್ನಲು ಏನಾದರೂ ಸಿಗುತ್ತದೆ. ಮೊದಮೊದಲು ಇಲಿ ಓಡುವಷ್ಟು ಹೊತ್ತೂ ಬೇಸಲ್ ಗ್ಯಾಂಗ್ಲಿಯಾದ ನರಕೋಶಗಳು ಚಟಪಟ ಅನ್ನುತ್ತಿದ್ದವು. ದಾರಿ ರೂಢಿಯಾದ ಮೇಲೆ ಆ ಸದ್ದು ಎರಡೇ ಕಡೆ ಉಳಿಯಿತು, ಓಟದ ಶುರುವಿನಲ್ಲಿ ಮತ್ತು ಕೊನೆಯಲ್ಲಿ. ನಡುವೆ ಹೆಚ್ಚುಕಮ್ಮಿ ಮೌನ.

ಇದರ ಮುಂದಿನ ಭಾಗ 2005ರಲ್ಲಿ ಬಂತು. ನನಗೆ ಅದೇ ಮುಖ್ಯ ಅನಿಸಿತು. ಇಲಿ ಸರಿಯಾಗಿ ಓಡಿದರೂ ತಿನ್ನಲು ಸಿಗದ ಹಾಗೆ ಮಾಡಿದರು. ಅಭ್ಯಾಸ ಕರಗಿತು, ನರಕೋಶಗಳ ಆ ಲಯವೂ ಹೋಯಿತು. ಆಮೇಲೆ ಮತ್ತೆ ತಿನ್ನಲು ಕೊಟ್ಟರು. ಹಳೆ ಲಯ ಬೇಗನೆ ವಾಪಸ್ ಬಂತು. ಅಂದರೆ ಅದು ಅಳಿಸಿ ಹೋಗಿರಲಿಲ್ಲ. ಎಲ್ಲೋ ಅಡಗಿ ಕೂತಿತ್ತು.

ಮಲೆನಾಡಿನಲ್ಲಿ ಇದನ್ನು ಹೇಳುವುದು ಸುಲಭ. ಶಾಲೆಗೆ ಹೋಗುತ್ತಿದ್ದ ಕಾಲುದಾರಿ ನೆನಪಿಸಿಕೊಳ್ಳಿ. ಗುಡ್ಡ ಹತ್ತಿ, ಹಳ್ಳ ದಾಟಿ, ಗದ್ದೆ ಅಂಚಿನ ಮೇಲೆ. ಟಾರು ರಸ್ತೆ ಬಂದ ಮೇಲೆ ಯಾರೂ ಅಲ್ಲಿ ನಡೆಯುವುದಿಲ್ಲ. ಎರಡು ಮಳೆಗಾಲ ಕಳೆದರೆ ಹುಲ್ಲು, ಕಮ್ಯುನಿಸ್ಟ್ ಗಿಡ ಎಲ್ಲ ಮುಚ್ಚಿಕೊಳ್ಳುತ್ತದೆ. ಆದರೆ ಒಂದು ದಿನ ರಸ್ತೆಗೆ ಮರ ಬಿದ್ದು ಬಸ್ಸು ನಿಂತರೆ? ಹತ್ತು ಜನ ಆ ಕಡೆಯಿಂದ ನಡೆದರೆ ಸಂಜೆಯೊಳಗೆ ದಾರಿ ಎದ್ದು ಕಾಣುತ್ತದೆ. ಮಣ್ಣಿಗೆ ನೆನಪಿರುತ್ತದೆ. ಆರು ವರ್ಷ ಹೊಗೆಸೊಪ್ಪು ಬಿಟ್ಟವರು ಮನೆಯಲ್ಲಿ ಸಾವಾದ ದಿನ ಒಂದು ಎಸಳು ಬಾಯಿಗೆ ಹಾಕಿ, ವಾರದೊಳಗೆ ಮೊದಲಿನಷ್ಟೇ ಹಾಕತೊಡಗುವುದು ಹೀಗೆ.

ಸುಳಿವು ಬಂತು, ಕೈ ಹೋಯಿತು

ಗಂಟಿನ ತುದಿ ಎಳೆಯುವುದು ಯಾರು? ಅದನ್ನು ಸುಳಿವು ಅನ್ನೋಣ. ಸುಳಿವು ಒಂದು ಹೊತ್ತು ಇರಬಹುದು, ಜಾಗ ಇರಬಹುದು, ಸದ್ದು ಇರಬಹುದು, ಒಬ್ಬ ಮನುಷ್ಯನೂ ಇರಬಹುದು.

ನನ್ನದನ್ನೇ ಹೇಳುತ್ತೇನೆ. ಮಧ್ಯಾಹ್ನದ ಊಟ. ಮಜ್ಜಿಗೆ ಅನ್ನ ಮುಗಿಸಿ ಹಿತ್ತಲಲ್ಲಿ ಕೈ ತೊಳೆದು, ಪಂಚೆಯ ತುದಿಗೆ ಒರೆಸಿಕೊಂಡು ಜಗಲಿಗೆ ಬರುತ್ತೇನೆ. ಕಂಬಕ್ಕೆ ಒರಗಿ ಕೂರುತ್ತೇನೆ. ಬಲಗಡೆ ಹಿತ್ತಾಳೆ ತಟ್ಟೆ. ಅದರಲ್ಲಿ ಒದ್ದೆ ಬಟ್ಟೆ ಸುತ್ತಿದ ಎಲೆ, ಅಡಕತ್ತರಿ, ಸುಣ್ಣದ ಡಬ್ಬಿ. ಎಲೆಯ ತೊಟ್ಟು ಮುರಿಯುವುದು, ಹಿಂದಿನ ನಾರು ಎಳೆಯುವುದು, ಸುಣ್ಣ ಸವರುವುದು, ಮಡಚುವುದು. ಇಷ್ಟೂ ನಡೆಯುವಾಗ ನಾನು ಪೇಪರು ಓದುತ್ತಿರುತ್ತೇನೆ. 'ಕವಳ ಹಾಕೋಣ' ಅಂತ ನಾನು ಯಾವತ್ತೂ ನಿರ್ಧಾರ ಮಾಡಿದ್ದೇ ಇಲ್ಲ. ಬಾಯಲ್ಲಿ ರಸ ತುಂಬಿದ ಮೇಲೆ 'ಓ, ಹಾಕಿದೆ' ಅಂತ ಗೊತ್ತಾಗುತ್ತದೆ.

ಶಿಬಿರ ಮುಗಿದ ಮೇಲೆ ಮೊದಲ ಮೂರು ದಿನ ನಾನು ಹಾಕಲಿಲ್ಲ. ನಾಲ್ಕನೇ ದಿನ ಪೇಪರಿನಲ್ಲಿ ಮುಳುಗಿದ್ದಾಗ ನೋಡಿದರೆ ಕೈಯಲ್ಲಿ ಅರ್ಧ ಮಡಚಿದ ಎಲೆ!

ರುಚಿಗೋಸ್ಕರ ಮಾಡುತ್ತೇವೆ ಅಂದುಕೊಳ್ಳುತ್ತೇವಲ್ಲ, ಅದೂ ಪೂರ್ತಿ ನಿಜ ಅಲ್ಲ. 2011ರಲ್ಲಿ ಪ್ರಕಟವಾದ ಒಂದು ಪ್ರಯೋಗ ಸ್ವಾರಸ್ಯವಾಗಿದೆ. ಡೇವಿಡ್ ನೀಲ್, ವೆಂಡಿ ವುಡ್ ಮುಂತಾದ ಮನಶ್ಶಾಸ್ತ್ರಜ್ಞರು ಸಿನಿಮಾ ನೋಡಲು ಬಂದವರಿಗೆ ಪಾಪ್‌ಕಾರ್ನ್ ಕೊಟ್ಟರು. ಕೆಲವರಿಗೆ ಆಗಷ್ಟೇ ಹುರಿದದ್ದು, ಕೆಲವರಿಗೆ ಏಳು ದಿನ ಹಳೆಯದು. ಸಿನಿಮಾದಲ್ಲಿ ಪಾಪ್‌ಕಾರ್ನ್ ತಿನ್ನುವ ಅಭ್ಯಾಸ ಇದ್ದವರು ಹಳಸಲನ್ನೂ ಹೊಸದರಷ್ಟೇ ತಿಂದರು. ರುಚಿ ಇಲ್ಲ ಅಂತ ಅವರೇ ಹೇಳಿದ್ದರು, ಆದರೂ ತಿಂದರು. ಅಂಥವರಿಗೇ ಸಿನಿಮಾ ಹಾಲ್ ಬಿಟ್ಟು ಮೀಟಿಂಗ್ ಕೋಣೆಯಲ್ಲಿ ಕೊಟ್ಟಾಗ ಹಳಸಲನ್ನು ಅಷ್ಟು ತಿನ್ನಲಿಲ್ಲ. ಇನ್ನೊಂದು ಸಲ, ಸಿನಿಮಾ ಹಾಲ್‌ನಲ್ಲೇ, ರೂಢಿ ಇಲ್ಲದ ಕೈಯಲ್ಲಿ ತಿನ್ನಿ ಅಂದರು. ಆಗಲೂ ಹಳಸಲು ಬಟ್ಟಲಲ್ಲೇ ಉಳಿಯಿತು. ಕೈ ಬದಲಾದ ಕೂಡಲೇ ಯೋಚನೆ ಎಚ್ಚರವಾಯಿತು, ನಾಲಿಗೆಗೂ ರುಚಿ ಗೊತ್ತಾಯಿತು.

ಎಡಗೈಯಲ್ಲಿ ಎಲೆ ಮಡಚಿ ನೋಡಿ. ನಾನು ನೋಡಿದ್ದೇನೆ. ಸುಣ್ಣ ಮೂಗಿನವರೆಗೆ ಬಂತು.

ಹಾಕುವ ಮೊದಲೇ ಬರುವ ಆಸೆ

'ಚಪಲ' ಅಂತೀವಲ್ಲ, ಅದು ಎಲ್ಲಿಂದ ಬರುತ್ತದೆ? ಮೆದುಳಿನಲ್ಲಿ ಡೋಪಮಿನ್ ಅನ್ನುವ ಒಂದು ರಾಸಾಯನಿಕ ಇದೆ. ಇದನ್ನು ಖುಷಿಯ ರಸ ಅಂತ ಎಲ್ಲರೂ ಹೇಳುತ್ತಾರೆ. ಅದಕ್ಕಿಂತ 'ಬರುತ್ತದೆ ನೋಡು' ಅಂತ ಕೂಗುವ ರಸ ಅಂದರೆ ಹೆಚ್ಚು ಸರಿ.

ವುಲ್ಫ್‌ರಾಮ್ ಶುಲ್ಟ್ಸ್ ಅನ್ನುವ ವಿಜ್ಞಾನಿ 1990ರ ದಶಕದಲ್ಲಿ ಮಂಗಗಳ ಮೇಲೆ ಮಾಡಿದ ಪ್ರಯೋಗಗಳಲ್ಲಿ ಇದು ಕಂಡಿತು. ಮಂಗನಿಗೆ ಒಂದು ಸೂಚನೆ ಕೊಡುತ್ತಾರೆ, ಸ್ವಲ್ಪ ಹೊತ್ತಿಗೆ ಹಣ್ಣಿನ ರಸ ಕೊಡುತ್ತಾರೆ. ಮೊದಲು ಡೋಪಮಿನ್ ಕೋಶಗಳು ರಸ ಸಿಕ್ಕಾಗ ಎದ್ದೇಳುತ್ತಿದ್ದವು. ಪಾಠ ಆದ ಮೇಲೆ ಸೂಚನೆ ಕಂಡ ಕೂಡಲೇ ಎದ್ದವು. ರಸ ಬಂದಾಗ ಸುಮ್ನೆ ಇದ್ದವು. ಸೂಚನೆ ಕಂಡು, ರಸ ಬಾರದೇ ಹೋದರೆ? ಆ ಹೊತ್ತಿಗೆ ಸರಿಯಾಗಿ ಕುಸಿದವು.

ಆ ಕುಸಿತವೇ ನಮಗೆ ಆಗುವ ಚಡಪಡಿಕೆ. ಅಡಕತ್ತರಿಯ 'ಕಟ್' ಅನ್ನುವ ಸದ್ದು ಕಿವಿಗೆ ಬಿದ್ದರೆ ಸಾಕು, ಬಾಯಲ್ಲಿ ನೀರು. ಬಾಯಿಗೆ ಏನೂ ಬಾರದಿದ್ದರೆ ಏನೋ ಕಳೆದುಕೊಂಡ ಹಾಗೆ. ಹಾಗಾಗಿ ತಟ್ಟೆ ಎದುರಿಗೆ ಇಟ್ಟುಕೊಂಡು 'ಹಾಕಲ್ಲ' ಅಂತ ಕೂರುವುದು ಎಲ್ಲಕ್ಕಿಂತ ಕಷ್ಟದ ದಾರಿ. ನಮ್ಮಲ್ಲಿ ಅದಕ್ಕೆ ಮರ್ಯಾದೆ ಜಾಸ್ತಿ, 'ಎದುರಿಗಿದ್ದರೂ ಮುಟ್ಟಲಿಲ್ಲ ನೋಡು' ಅಂತ. ಮರ್ಯಾದೆ ಸಿಗುತ್ತದೆ, ನಿಜ. ಕೆಲಸ ಆಗುವುದು ಕಡಿಮೆ.

ವಿಯೆಟ್ನಾಮಿನಿಂದ ಬಂದ ಸೈನಿಕರು

1971ರಲ್ಲಿ ಅಮೆರಿಕಕ್ಕೆ ಒಂದು ಭಯ ಹಿಡಿದಿತ್ತು. ವಿಯೆಟ್ನಾಮಿನಲ್ಲಿ ಯುದ್ಧಕ್ಕೆ ಹೋದ ಅವರ ಸೈನಿಕರಲ್ಲಿ ತುಂಬಾ ಜನ ಹೆರಾಯಿನ್ ಹಿಡಿದಿದ್ದರು. ಅಲ್ಲಿದ್ದಾಗ ಅದಕ್ಕೆ ದಾಸರಾಗಿದ್ದೆವು ಅಂತ ಸುಮಾರು ಐವರಲ್ಲಿ ಒಬ್ಬರು ಹೇಳಿದರು. ಇವರೆಲ್ಲ ಊರಿಗೆ ಬಂದರೆ ಏನು ಗತಿ? ಲೀ ರಾಬಿನ್ಸ್ ಅನ್ನುವ ಸಂಶೋಧಕಿ ಊರಿಗೆ ಮರಳಿದವರನ್ನು ಹುಡುಕಿ ಹುಡುಕಿ ಮಾತಾಡಿಸಿದರು. ಅಲ್ಲಿ ದಾಸರಾಗಿದ್ದವರಲ್ಲಿ ಊರಿಗೆ ಬಂದ ಮೊದಲ ವರ್ಷದಲ್ಲಿ ಮತ್ತೆ ದಾಸರಾದವರು ನೂರಕ್ಕೆ 5ರಷ್ಟು. ಅಷ್ಟೇ. ಯಾರೂ ನಂಬಲಿಲ್ಲ. ರಾಬಿನ್ಸ್ ವರ್ಷಗಟ್ಟಲೆ ಆ ಲೆಕ್ಕವನ್ನು ಸಮರ್ಥಿಸಿಕೊಳ್ಳಬೇಕಾಯಿತು.

ಕಾರಣ ಒಂದೇ ಅಲ್ಲ. ವಿಮಾನ ಹತ್ತುವ ಮೊದಲು ಮೂತ್ರ ಪರೀಕ್ಷೆ ಇತ್ತು, ಸಿಕ್ಕಿಬಿದ್ದವರನ್ನು ನಶೆ ಇಳಿಯುವವರೆಗೆ ಅಲ್ಲೇ ಇರಿಸಿಕೊಳ್ಳುತ್ತಿದ್ದರು. ಊರಿನಲ್ಲಿ ಹೆರಾಯಿನ್ ದುಬಾರಿ, ಸಿಗುವುದೂ ಕಷ್ಟ. ಅದರ ಜೊತೆಗೆ, ಅಲ್ಲಿನ ಬಿಸಿಲು, ಬಂಕರು, ಜೊತೆಗಾರರು, ಭಯ ಯಾವುದೂ ಇಲ್ಲಿ ಇರಲಿಲ್ಲ. ಸುಳಿವುಗಳನ್ನೆಲ್ಲ ಅಲ್ಲೇ ಬಿಟ್ಟು ಬಂದಿದ್ದರು.

ನಮ್ಮ ಮನೆಗಳಲ್ಲಿ ಇದರ ಸಣ್ಣ ರೂಪ ದಿನಾ ನಡೆಯುತ್ತದೆ. ಹುಡುಗ ಬೆಂಗಳೂರಿಗೆ ಕೆಲಸಕ್ಕೆ ಹೋಗುತ್ತಾನೆ. ಅಲ್ಲಿ ಜಗಲಿ ಇಲ್ಲ, ತಟ್ಟೆ ಇಲ್ಲ, ಉಗುಳಲು ಜಾಗವೂ ಇಲ್ಲ. ಆರು ತಿಂಗಳಲ್ಲಿ ಕವಳ ತಾನಾಗಿ ನಿಂತಿರುತ್ತದೆ. 'ಬಿಟ್ಟೆ' ಅಂತ ಹೆಮ್ಮೆಯಿಂದ ಹೇಳುತ್ತಾನೆ. ದೀಪಾವಳಿಗೆ ಬಂದು ಜಗಲಿಯಲ್ಲಿ ಕೂತ ಕಾಲು ಗಂಟೆಗೆ ದವಡೆ ಆಡುತ್ತಿರುತ್ತದೆ. ಅವನು ಸುಳ್ಳು ಹೇಳಿರಲಿಲ್ಲ. ಬಿಟ್ಟದ್ದು ಬೆಂಗಳೂರಿನಲ್ಲಿ. ಜಗಲಿಯಲ್ಲಿ ಇನ್ನೂ ಬಿಟ್ಟಿರಲಿಲ್ಲ.

ನಮಗೆ ಊರು ಬಿಡಲು ಆಗುವುದಿಲ್ಲ. ಆದರೆ ಜಗಲಿಯಲ್ಲಿ ಕೂರುವ ಜಾಗ ಬದಲಾಯಿಸಬಹುದು.

'21 ದಿನ' ಎಲ್ಲಿಂದ ಬಂತು?

ವಾಟ್ಸಾಪ್‌ನಲ್ಲಿ ಬರುತ್ತದಲ್ಲ, 21 ದಿನ ಬಿಟ್ಟರೆ ಯಾವ ಅಭ್ಯಾಸವಾದರೂ ಹೋಗುತ್ತದೆ ಅಂತ. ಅದರ ಮೂಲ ಮ್ಯಾಕ್ಸ್‌ವೆಲ್ ಮಾಲ್ಟ್ಸ್ ಅನ್ನುವ ಅಮೆರಿಕದ ಪ್ಲಾಸ್ಟಿಕ್ ಸರ್ಜನ್. ಮೂಗು ಸರಿಪಡಿಸಿಕೊಂಡವರು ಕನ್ನಡಿಯಲ್ಲಿ ತಮ್ಮ ಹೊಸ ಮುಖಕ್ಕೆ ಒಗ್ಗಿಕೊಳ್ಳಲು ಕಡಿಮೆ ಅಂದರೂ 21 ದಿನ ಬೇಕು ಅಂತ ಅವರು 1960ರಲ್ಲಿ ಬರೆದರು. 'ಕಡಿಮೆ ಅಂದರೂ' ಅನ್ನುವುದು ಬಾಯಿಂದ ಬಾಯಿಗೆ ಹೋಗುವಾಗ ಬಿದ್ದುಹೋಯಿತು. ಮೂಗು ಕೂಡ.

ನಿಜವಾಗಿ ಅಳೆದು ನೋಡಿದವರು ಲಂಡನ್ನಿನ ಫಿಲಿಪಾ ಲಾಲಿ ಮತ್ತು ಜೊತೆಗಾರರು. ಅವರ ಅಧ್ಯಯನ ಪ್ರಕಟವಾದದ್ದು 2009ರಲ್ಲಿ. 96 ಜನ, 12 ವಾರ. ಪ್ರತಿಯೊಬ್ಬರೂ ಒಂದು ಸಣ್ಣ ಕೆಲಸವನ್ನು ದಿನದ ಒಂದು ಗೊತ್ತಾದ ಸಂದರ್ಭಕ್ಕೆ ಕಟ್ಟಿಕೊಳ್ಳಬೇಕು. ಮಧ್ಯಾಹ್ನದ ಊಟದ ಜೊತೆ ಒಂದು ಹಣ್ಣು, ಆ ಥರ. ಅದು ತಾನಾಗಿ ಆಗುವ ಹಂತಕ್ಕೆ ಬರಲು ನಡುಮಧ್ಯದ ಲೆಕ್ಕ 66 ದಿನ. ಆದರೆ ಒಬ್ಬರಿಗೆ 18 ದಿನ ಸಾಕಾದರೆ ಇನ್ನೊಬ್ಬರಿಗೆ 254 ದಿನ ಬೇಕು ಅಂತ ಲೆಕ್ಕ ಬಂತು. ಒಂದು ಗ್ಲಾಸ್ ನೀರು ಕುಡಿಯುವುದು ಬೇಗ ಕೂತುಕೊಳ್ಳುತ್ತದೆ, ವ್ಯಾಯಾಮ ಬೇಗ ಕೂರುವುದಿಲ್ಲ. ಇನ್ನೊಂದು ವಿಷಯವೂ ಅದರಲ್ಲಿ ಕಂಡಿತು. ನಡುವೆ ಒಂದು ದಿನ ತಪ್ಪಿದರೆ ಅಂಥ ನಷ್ಟವೇನೂ ಆಗುವುದಿಲ್ಲ.

ಇದು ಹೊಸ ಅಭ್ಯಾಸ ಕೂರಿಸುವ ಲೆಕ್ಕ. ಹಳೆಯದನ್ನು ಬಿಡಲು ಇಷ್ಟೇ ದಿನ ಅನ್ನುವ ಗೆರೆ ಇಲ್ಲ. ಆದರೆ ಚಟದ ಭಾಗಕ್ಕೆ, ಅಂದರೆ ಮೈ ತಕರಾರಿಗೆ, ಒಂದು ಅಂದಾಜು ಇದೆ. ನಿಕೋಟಿನ್ ನಿಲ್ಲಿಸಿದ ಮೊದಲ ಎರಡು ಮೂರು ದಿನ ತೀರಾ ಜೋರು. ಸಿಡುಕು, ತಲೆ ಭಾರ, ನಿದ್ದೆ ಕೆಡುವುದು. ಕವಳ ಹಾಕುವವರು ಎಲ್ಲಕ್ಕಿಂತ ಹೆದರುವುದು 'ಬೆಳಿಗ್ಗೆ ಹೊಟ್ಟೆ ಸರಿಯಾಗಲ್ಲ' ಅನ್ನುವುದಕ್ಕೆ. ಮಲಬದ್ಧತೆ ನಿಜವಾಗಿಯೂ ಆಗುತ್ತದೆ. ಎರಡರಿಂದ ನಾಲ್ಕು ವಾರದಲ್ಲಿ ಇವೆಲ್ಲ ತಗ್ಗುತ್ತವೆ. ಆಮೇಲೆ ಬರುವ ಆಸೆ ಮೈಯದಲ್ಲ, ಜಗಲಿಯದು.

ಜಾರಿದವರು ಸೋತವರಲ್ಲ

ಸಿಗರೇಟು ಬಿಡುವವರನ್ನು ಗಮನಿಸಿದ ಜೇಮ್ಸ್ ಪ್ರೊಚಾಸ್ಕಾ ಮತ್ತು ಕಾರ್ಲೊ ಡಿಕ್ಲೆಮೆಂಟೆ 1983ರಲ್ಲಿ ಒಂದು ವಿವರಣೆ ಕೊಟ್ಟರು. ಬದಲಾವಣೆ ಒಂದೇ ಹಾರಿನಲ್ಲಿ ಆಗುವುದಿಲ್ಲ. 'ನನಗೇನೂ ಆಗಿಲ್ಲ' ಅನ್ನುವುದರಿಂದ 'ಬಿಡಬೇಕು ಮಾರಾಯ' ಅನ್ನುವುದಕ್ಕೆ, ಅಲ್ಲಿಂದ ತಯಾರಿಗೆ, ಆಮೇಲೆ ಬಿಡುವುದಕ್ಕೆ, ಬಿಟ್ಟದ್ದನ್ನು ಉಳಿಸಿಕೊಳ್ಳುವುದಕ್ಕೆ ಮನುಷ್ಯ ಹಂತ ಹಂತವಾಗಿ ಬರುತ್ತಾನೆ. ನಡುವೆ ಹಿಂದಕ್ಕೆ ಜಾರುವುದೂ ಮಾಮೂಲು. ಹಂತಗಳು ಇಷ್ಟು ಚೊಕ್ಕ ಇರುವುದಿಲ್ಲ ಅಂತ ಆಮೇಲೆ ಟೀಕೆಯೂ ಬಂತು. ನನಗೆ ಉಪಯೋಗಕ್ಕೆ ಬಂದದ್ದು ಒಂದೇ ವಿಷಯ. ಶಿಬಿರದ ಸಂಜೆ ನಾವು ಹದಿನಾಲ್ಕು ಜನ ತಯಾರಿ ಇಲ್ಲದೆ ನೇರ ಬಿಡುವುದಕ್ಕೆ ಹಾರಿದ್ದೆವು. ಉಳಿದುಕೊಂಡ ಮೂವರನ್ನು ಆಮೇಲೆ ಕೇಳಿದೆ. ಮೂವರೂ ಹಿಂದೆ ಎರಡು ಮೂರು ಸಲ ಬಿಟ್ಟು ಸೋತವರೇ. ಎಲ್ಲಿ ಜಾರುತ್ತದೆ ಅಂತ ಅವರಿಗೆ ಗೊತ್ತಿತ್ತು.

ಹಾಗಾದರೆ ಮಾಡಿದ್ದು ಏನು?

ದೀಪಾವಳಿ ಕಳೆದು ಎರಡನೇ ಸಲ ಹೊರಟೆ. ಈ ಸಲ ಶಪಥ ಮಾಡಲಿಲ್ಲ. ನಾಲ್ಕು ದಿನ ಒಂದು ಚೀಟಿಯಲ್ಲಿ ಬರೆದೆ. ಯಾವಾಗ ಹಾಕಿದೆ, ಎಲ್ಲಿ ಕೂತಿದ್ದೆ, ಪಕ್ಕದಲ್ಲಿ ಯಾರಿದ್ದರು. ದಿನಕ್ಕೆ ಎಂಟು ಕವಳ ಅಂದುಕೊಂಡಿದ್ದೆ. ಹದಿಮೂರು ಇತ್ತು. ಅದರಲ್ಲಿ ಒಂಬತ್ತು ಒಂದೇ ಕಂಬದ ಬುಡದಲ್ಲಿ.

ಮನೆಯವಳು ತಟ್ಟೆ ಎತ್ತಿ ಅಟ್ಟದ ಮೇಲೆ ಇಟ್ಟಳು. ಮನೆಯಿಂದಲೇ ಆಚೆ ಹಾಕಲು ಆಗುವುದಿಲ್ಲ. ಪೂಜೆಗೆ ಎಲೆ ಅಡಿಕೆ ಬೇಕು, ಬಂದವರಿಗೆ ಕೊಡಬೇಕು. ಆದರೆ ಅಟ್ಟಕ್ಕೆ ಏಣಿ ಹಾಕಬೇಕು. ಏಣಿ ಹಿಡಿಯುವ ಹೊತ್ತಿಗೆ ಯೋಚನೆ ಎಚ್ಚರವಾಗಿರುತ್ತದೆ. ಅಷ್ಟೇ ಬೇಕಾಗಿರುವುದು. ಸುಳಿವಿಗೂ ಕೈಗೂ ನಡುವೆ ಹತ್ತು ಹೆಜ್ಜೆ ಸೇರಿಸುವುದು.

ಎರಡನೆಯದು ಬದಲಿ. ಊಟ ಆದ ಮೇಲೆ ಬಾಯಿಗೆ ಏನೋ ಬೇಕು ಅನ್ನುವುದು ಹೋಗಲಿಲ್ಲ. ಬೆಟ್ಟದ ನೆಲ್ಲಿಕಾಯಿ ಹೆಚ್ಚಿ, ಉಪ್ಪು ಶುಂಠಿ ಹಾಕಿ ಒಣಗಿಸಿದ್ದನ್ನು ಒಂದು ಸಣ್ಣ ಡಬ್ಬಿಯಲ್ಲಿ ತುಂಬಿಸಿ, ಅಂಗಿಯ ಎಡ ಜೇಬಿನಲ್ಲಿ ಇಟ್ಟುಕೊಂಡೆ. ಮೊದಲು ಹೊಗೆಸೊಪ್ಪಿನ ಪೊಟ್ಟಣ ಇರುತ್ತಿದ್ದದ್ದು ಅದೇ ಜೇಬಿನಲ್ಲಿ. ಕೈ ಹೋಗುವುದಾದರೆ ಹೋಗಲಿ, ಸಿಗುವುದು ಬೇರೆ ಇರಲಿ ಅಂತ. ಹಳೆ ದಾರಿಗೆ ಮುಳ್ಳು ಹಾಕಿದರೆ ಸಾಲದು, ಪಕ್ಕದಲ್ಲಿ ನಡೆಯಲು ಇನ್ನೊಂದು ದಾರಿ ಬೇಕು.

ಮೂರನೆಯದಕ್ಕೆ ಜರ್ಮನಿಯ ಪೀಟರ್ ಗೊಲ್ವಿಟ್ಸರ್ ಅನ್ನುವ ಮನಶ್ಶಾಸ್ತ್ರಜ್ಞರು ಹೆಸರುವಾಸಿ. 'ಬಿಡುತ್ತೇನೆ' ಅನ್ನುವ ಗುರಿಗಿಂತ 'ಹೀಗಾದರೆ ಹೀಗೆ ಮಾಡುತ್ತೇನೆ' ಅನ್ನುವ ಮಾತು ಜಾಸ್ತಿ ಕೆಲಸ ಮಾಡುತ್ತದೆ ಅಂತ ಅವರು 1990ರ ದಶಕದಲ್ಲಿ ತೋರಿಸಿದರು. ನನ್ನ ಮಾತು ಇದು: ಕೈ ತೊಳೆದ ಕೂಡಲೇ ಜಗಲಿಗೆ ಬರುವುದಿಲ್ಲ, ಹಿತ್ತಲ ಬಾಗಿಲಿನಿಂದ ತೋಟಕ್ಕೆ ಇಳಿದು ಬಸಿಗಾಲುವೆಯವರೆಗೆ ಹೋಗಿ ಬರುತ್ತೇನೆ. ಪೇಪರು ಆಮೇಲೆ. ಮೊದಲ ವಾರ ನಾಯಿಗೂ ಇದು ವಿಚಿತ್ರ ಅನಿಸಿತು.

ಮೈ ತಕರಾರು ಜೋರಿದ್ದರೆ ಸುಮ್ನೆ ಸಹಿಸಿಕೊಂಡು ಕೂರಬೇಕಿಲ್ಲ. ತಂಬಾಕು ಬಿಡುವವರಿಗೆ ರಾಷ್ಟ್ರೀಯ ಸಹಾಯವಾಣಿ 1800 112 356, ಕರೆ ಉಚಿತ. ತಂಬಾಕು ಪೊಟ್ಟಣದ ಮೇಲೆಯೇ ಈ ನಂಬರು ಇರುತ್ತದೆ. ಇಷ್ಟು ವರ್ಷ ಅದನ್ನು ಹರಿದು ಬಿಸಾಡಿದ್ದೇನೆಯೇ ಹೊರತು ಓದಿರಲಿಲ್ಲ. ನಿಕೋಟಿನ್ ಚೂಯಿಂಗ್ ಗಮ್ ಬೇಕೋ ಬೇಡವೋ ಅನ್ನುವುದನ್ನು ಡಾಕ್ಟರ ಹತ್ತಿರ ಕೇಳಿ ತೀರ್ಮಾನಿಸಬೇಕು. ಬಾಯಲ್ಲಿ ಬಿಳಿ ಕಲೆ, ಖಾರ ತಿಂದರೆ ಉರಿ, ಎರಡು ವಾರವಾದರೂ ಮಾಯದ ಹುಣ್ಣು ಇದ್ದರೆ ಬಿಡುವುದರ ಜೊತೆಗೆ ತೋರಿಸಲೂಬೇಕು.

'ಹಾಕೋ ಹಾಗಿಲ್ಲ' ಮತ್ತು 'ಹಾಕಲ್ಲ'

ಮನೆಯೊಳಗಿನದು ಸುಲಭ. ಕಷ್ಟ ಇರುವುದು ಬೇರೆಯವರ ಮನೆಯಲ್ಲಿ. ನಮ್ಮ ಕಡೆ ತಟ್ಟೆ ಮುಂದಿಡುವುದು ಅಂದರೆ 'ಕೂತ್ಕೊಳ್ಳಿ, ಮಾತಾಡೋಣ' ಅಂತ. ಬೇಡ ಅಂದರೆ ಮಾತೇ ಬೇಡ ಅಂದ ಹಾಗೆ ಕೇಳಿಸುತ್ತದೆ.

ವನೆಸ್ಸಾ ಪ್ಯಾಟ್ರಿಕ್ ಮತ್ತು ಹೆನ್ರಿಕ್ ಹಾಗ್ಟ್‌ವೆಟ್ ಅನ್ನುವವರು 2012ರಲ್ಲಿ ಇಂಥದ್ದೇ ಒಂದು ವಿಷಯ ನೋಡಿದರು. ಆಸೆ ಹುಟ್ಟಿಸುವ ತಿಂಡಿಯನ್ನು ಬೇಡ ಅನ್ನುವಾಗ ಕೆಲವರು 'ತಿನ್ನೋ ಹಾಗಿಲ್ಲ' ಅಂತ ಹೇಳಿಕೊಳ್ಳಬೇಕು, ಕೆಲವರು 'ತಿನ್ನಲ್ಲ' ಅಂತ. ಹೊರಡುವಾಗ ಚಾಕೊಲೇಟು ಮತ್ತು ಅದಕ್ಕಿಂತ ಒಳ್ಳೆಯ ಒಂದು ತಿಂಡಿ ಮುಂದಿಟ್ಟರೆ, 'ತಿನ್ನಲ್ಲ' ಅಂದವರಲ್ಲಿ ಹೆಚ್ಚು ಜನ ಚಾಕೊಲೇಟು ಬಿಟ್ಟರು. ಒಂದು ಪ್ರಯೋಗವನ್ನು ವೇದವಾಕ್ಯ ಮಾಡಿಕೊಳ್ಳಬೇಕಿಲ್ಲ. ಆದರೆ ನಮ್ಮ ಜಗಲಿಯಲ್ಲಿ ಇದರ ವ್ಯತ್ಯಾಸ ನಾನೇ ಕಂಡಿದ್ದೇನೆ. "ಡಾಕ್ಟ್ರು ಬೇಡ ಅಂದಿದಾರೆ, ಹಾಕೋ ಹಾಗಿಲ್ಲ" ಅಂದರೆ ಎದುರಿನವರು ವಾದಕ್ಕೆ ಇಳಿಯುತ್ತಾರೆ. "ಅಯ್ಯೋ, ಡಾಕ್ಟ್ರು ಎಲ್ಲದಕ್ಕೂ ಹಂಗೇ ಹೇಳ್ತಾರೆ. ಒಂದಕ್ಕೆ ಏನಾಗತ್ತೆ? ನಮ್ಮಜ್ಜ ತೊಂಬತ್ತು ವರ್ಷ ಹಾಕಿದ್ರು." "ನಾ ಕವಳ ಹಾಕಲ್ಲ ಭಾವ, ಒಂದು ಲೋಟ ಮಜ್ಜಿಗೆ ಕೊಡಿ" ಅಂದರೆ ಮಾತು ಮಜ್ಜಿಗೆಗೆ ತಿರುಗುತ್ತದೆ. ಕೊಡುವ ಖುಷಿ ಅವರಿಗೆ ಉಳಿಯುತ್ತದೆ.

ಸುಗ್ಗಿಯಲ್ಲಿ ಹೇಗಾಗುತ್ತದೋ ಅಂತ ಭಯ ಇತ್ತು. ಮಿಷನ್ ಬಂದಿದ್ದರೂ ನಮ್ಮ ಮನೆಯಲ್ಲಿ ಸ್ವಲ್ಪ ಅಡಿಕೆಯನ್ನು ಇನ್ನೂ ಕೈಯಲ್ಲೇ ಸುಲಿಯುತ್ತೇವೆ. ರಾತ್ರಿ ಎಂಟಕ್ಕೆ ಕೂತರೆ ಹನ್ನೊಂದು. ಹತ್ತು ಜನ, ಹತ್ತು ಮೆಟ್ಟುಗತ್ತಿ, ನಡುವೆ ರಾಶಿ, ಒಲೆಯ ಮೇಲೆ ಅಡಿಕೆ ಬೇಯುವ ಚೊಗರಿನ ವಾಸನೆ. ಒಂದು ಗಂಟೆಗೊಮ್ಮೆ ಕವಳದ ತಟ್ಟೆ ಕೈಯಿಂದ ಕೈಗೆ ಬರುತ್ತದೆ. ಮೊದಲ ದಿನ ನನ್ನ ಮಾಮೂಲಿ ಜಾಗ ಬಿಟ್ಟು ಒಲೆಯ ಹತ್ತಿರದ ತುದಿಗೆ ಕೂತೆ. ಶಿಬಿರದಲ್ಲಿ ಎರಡೇ ಬೆರಳು ಹೋಗಿದ್ದ ಹುಡುಗನೂ ನನ್ನ ಪಕ್ಕ ಬಂದು ಕೂತ. ಒಂಬತ್ತೂವರೆಗೆ ತಟ್ಟೆ ಬಂತು. ಹಿಡಿದೆ. ಎಲೆ ಒದ್ದೆ ಇತ್ತು. ಅವನ ಮುಖ ನೋಡಿ, ಅವನನ್ನೂ ದಾಟಿಸಿ ಆಚೆಯವರಿಗೆ ಕೊಟ್ಟೆ. ಹೆಬ್ಬೆರಳಿಗೆ ಸುಣ್ಣ ಹತ್ತಿತ್ತು. ಪಂಚೆಗೆ ಒರೆಸಿಕೊಂಡು ಇನ್ನೊಂದು ಅಡಿಕೆ ಎತ್ತಿಕೊಂಡೆ. ಹುಡುಗ ನನ್ನ ಎಡ ಜೇಬಿನ ಕಡೆ ಕೈ ತೋರಿಸಿ, "ಅಣ್ಣಾ, ನೆಲ್ಲಿಕಾಯಿ ಉಂಟಾ?" ಅಂದ.